ಹಿಮ್ಮಡಿ ನೋಡಿ ಫೀ ಹೇಳುವ ಯಮನೂರಪ್ಪ ಮಾಸ್ತರ

ಐತವಾರದ ಬೆಳಗಿನ ಐದೂವರೆ. ಬೆಟಗೇರಿಯಲ್ಲಿ ಹಿಂದೆ ಹತ್ತಿ ಅಂಡಿಗೆ ತುಂಬಿಡುತ್ತಿದ್ದ ಹಳೆಯ ವಖಾರಿಯ ಬಾಗಿಲಲ್ಲಿ ಬೂಟು ಕಳಚಿ ನಿಂತಿದ್ದೇನೆ. ಒಳಗೆ ಮೂರು ಕಲ್ಲಿನ ಒಲೆಯ ಮೇಲೆ ಅಂಟು ಕುದಿಯುತ್ತಿದೆ. ಅದರ ವಾಸನೆ ಎಂಥದೆಂದರೆ ರಾತ್ರಿ ಉಂಡದ್ದೆಲ್ಲ ಗಂಟಲಿಗೆ ಬರಬೇಕು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತವರು ಧೋತರವನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿದ್ದಾರೆ. ಕಾವಿಯ ಪುಡಿಗೆ ಬಿಸಿ ಅಂಟು ಹನಿಸುತ್ತಾರೆ, ಕೋಲಿನಿಂದ ತಿರುವುತ್ತಾರೆ, ನಡುನಡುವೆ ಉಗುರಿಗೆ ಹಚ್ಚಿ ಬಣ್ಣ ನೋಡುತ್ತಾರೆ. ಇವರೇ ಯಮನೂರಪ್ಪ. ನಾಟಕದ ಪರದೆ ಬರೆಯುವುದು ಇವರ ಕಸುಬು, ಚಿತ್ರ ಬರೆಯಲು ಕಲಿಸುವುದು ಇವರ ಹುಚ್ಚು. ವಯಸ್ಸು ಐವತ್ತನಾಲ್ಕು ಎಂದು ಹೆಂಡತಿ ಹೇಳುತ್ತಾರೆ. ಇವರಿಗೆ ನೆನಪಿಲ್ಲ.

ಹೆಂಡತಿ ಉಡಚವ್ವ ತಂಬಿಗೆ ತುಂಬ ನೀರು ಹಿಡಿದು ಬರುತ್ತಾರೆ. “ಕಾಲು ಮುಂದ ಮಾಡ್ರಿ,” ಎನ್ನುತ್ತಾರೆ. ಬಂದವರ ಕಾಲಿಗೆ ನೀರು ಕೊಡುವುದು ನಮ್ಮ ಕಡೆಯ ರೂಢಿ, ಇದರಲ್ಲಿ ವಿಶೇಷವೇನು ಎಂದುಕೊಂಡು ಕಾಲು ಚಾಚುತ್ತೇನೆ. ಅಷ್ಟರಲ್ಲಿ ಒಲೆಯ ಮುಂದಿನಿಂದ ಮಾಸ್ತರರು ಎದ್ದು ಬಂದು, ಸೊಂಟ ಬಗ್ಗಿಸಿ ನನ್ನ ಹಿಮ್ಮಡಿ ನೋಡುತ್ತಾರೆ. ಸುಮ್ಮನೆ ನೋಡುವುದಲ್ಲ, ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ. ಆಮೇಲೆ ನನ್ನ ಕಿವಿಗೆ ಬಾಯಿ ಹಚ್ಚಿ, “ನಿಮಗ ಎರಡು ರೂಪಾಯಿ ಆಗತೈತ್ರಿ,” ಎನ್ನುತ್ತಾರೆ.

ನಾನು ದಂಗಾಗುತ್ತೇನೆ. ಇಪ್ಪತ್ತು ವರ್ಷದಿಂದ ಪತ್ರಿಕೆಗೆ ಬರೆಯುತ್ತಿರುವವನು ನಾನು. ಚಹಾ ಕೊಟ್ಟವರಿದ್ದಾರೆ, ಬೈದು ಕಳಿಸಿದವರಿದ್ದಾರೆ. ಫೀ ಕೇಳಿದವರು ಇಲ್ಲಿಯತನಕ ಯಾರೂ ಇಲ್ಲ!

“ಮಾಸ್ತರ, ನಾನು ಕಲಿಯಲಿಕ್ಕೆ ಬಂದವನಲ್ಲ, ನಿಮ್ಮ ಬಗ್ಗೆ ಬರೆಯಲಿಕ್ಕೆ ಬಂದವನು.”

“ಬರೀರಿ, ಬ್ಯಾಡ ಅಂದಾವ್ರ್ಯಾರು? ಆದ್ರ ಇಲ್ಲಿ ಕುಂತು ನೋಡಿದ್ರ ಕಲತಾಂಗ ಆತು. ನಿಮ್ಮ ಹಿಮ್ಮಡಿ ಬೆಣ್ಣಿ ಹಿಮ್ಮಡಿ ಅದಾವು. ಬೆಣ್ಣಿಗಿ ಎರಡು ರೂಪಾಯಿ.”

ಕೊಟ್ಟೆ. ಕೊಡದೆ ಏನು ಮಾಡಲಿ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಕಾಲು ನೋಡಿ ಹಾಸಿಗೆ ಹಾಸುವ ಮನುಷ್ಯನನ್ನು ನಾನು ಕಂಡದ್ದು ಇದೇ ಮೊದಲು.

ಯಮನೂರಪ್ಪನವರ ಹುಟ್ಟೂರು ಇಲ್ಲಿಗೆ ಹತ್ತಿರದ ಅಸುಂಡಿ. ಅಪ್ಪ ಮಂದಿಯ ಹೊಲದಲ್ಲಿ ಗಳೆ ಹೊಡೆಯುತ್ತಿದ್ದವರು. ಹದಿನಾಲ್ಕರ ವಯಸ್ಸಿಗೆ ಇವರು ಗದಗಿನಲ್ಲಿ ಟೆಂಟು ಹಾಕಿದ್ದ ನಾಟಕ ಕಂಪನಿಯೊಂದರ ಬೆನ್ನು ಹತ್ತಿದರು. ಮೊದಮೊದಲು ನೀರು ಹೊತ್ತರು, ಆಮೇಲೆ ಅಂಟು ಕಾಯಿಸಿದರು, ಏಳನೆಯ ವರ್ಷಕ್ಕೆ ಕುಂಚ ಕೈಗೆ ಬಂತು. ಅಡವಿ ಪರದೆ, ಬೀದಿ ಪರದೆ, ದರ್ಬಾರಿನ ಪರದೆ ಎಂದು ಇಪ್ಪತ್ತು ವರ್ಷ ಬರೆದರು. ನೀವು ಈ ಸೀಮೆಯಲ್ಲಿ ಯಾವ ನಾಟಕ ನೋಡಿದ್ದರೂ ರಾಜನ ಹಿಂದಿನ ಕಂಬಗಳು ಇವರವೇ ಇದ್ದಿರಬೇಕು. ರಾಜನ ಪಾತ್ರದವನಿಗೆ ಸೀಟಿ ಹೊಡೆದಿದ್ದೀರಿ, ಕಂಬಕ್ಕೆ ಯಾರು ಹೊಡೆಯುತ್ತಾರೆ?

ಸ್ವಾತಂತ್ರ್ಯ ಬಂದ ವರ್ಷ ಇವರು ಗದಗ-ಬೆಟಗೇರಿಯ ಓಣಿಓಣಿಯ ಗೋಡೆಗೆ ಮೂರು ಬಣ್ಣದ ನಿಶಾನಿ ಬರೆದರು. ನೋಡಲು ನಿಂತವರಲ್ಲಿ ಕೆಲವರು ನಮಗೂ ಕಲಿಸ್ರಿ ಎಂದು ಗಂಟುಬಿದ್ದರು. ವಖಾರಿಯ ಮಾಲಕರು ಹಳೆಯ ದೋಸ್ತಿಯ ಮೇಲೆ ಜಾಗ ಕೊಟ್ಟರು. ತಿಂಗಳಿಗೆ ಒಂದು ರೂಪಾಯಿ ಫೀ ಎಂದು ಬಾಗಿಲಿಗೆ ಬರೆದು ಹಾಕಿದರು. ಬಂದದ್ದು ಮೂವರು, ಮೂವರೂ ಸಾವಕಾರರ ಮನೆಯವರು.

“ಗ್ವಾಡಿ ಮುಂದ ಐವತ್ತು ಮಂದಿ ನಿಂತಿದ್ರು, ವಖಾರ್ಯಾಗ ಮೂರು ಮಂದಿ. ಉಳದಾವ್ರು ಎಲ್ಲಿ ಹೋದ್ರು ಅಂತ ನಾ ಕೇಳ್ತೀನಿ,” ಎಂದು ಮಾಸ್ತರರು ಈಗಲೂ ಆ ಸಿಟ್ಟಿನಲ್ಲೇ ಹೇಳುತ್ತಾರೆ. “ಆಗ ಇಕಿ ಅಂದ್ಲು, ಬಾಗಲಾಗ ರೂಪಾಯಿ ಬರದೀರಿ, ರೂಪಾಯಿ ಇದ್ದಾವ್ರು ಬಂದಾರ, ಅಷ್ಟs ಅಂತ.”

ಇಕಿ ಎಂದರೆ ಉಡಚವ್ವ. ಅವತ್ತೇ ಮಾಸ್ತರರು ಬರೆದದ್ದನ್ನು ಸುಣ್ಣ ಬಳಿದು ಅಳಿಸಿದರು. ಹೊಸ ನಿಯಮ ಹಾಕಿದರು. ಬೂಟು ಹಾಕಿ ಬಂದವರಿಗೆ ಎರಡು ರೂಪಾಯಿ, ಚಪ್ಪಲಿಯವರಿಗೆ ಎಂಟಾಣೆ, ಬರಿಗಾಲಿನವರಿಗೆ ಮಾಫಿ. ಮುಖ ನೋಡುವುದಿಲ್ಲ, ಜಾತಿ ಕೇಳುವುದಿಲ್ಲ, ಬಾಗಿಲ ಮುಂದೆ ಕಳಚಿಟ್ಟದ್ದನ್ನು ನೋಡಿದರೆ ಸಾಕು. ಜನ ಬಂದರು. ಆಗ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿಯದು, ಗದಗು ಮುಂಬಯಿ ಇಲಾಖೆಯದು. ಮುಂಡರಗಿಯ ಆಚೆಯಿಂದ ಬಂದವನೊಬ್ಬ ನಿಜಾಮನ ನಾಣ್ಯ ತಂದು ಕೊಟ್ಟನಂತೆ. ಅರಸರು ಬೇರೆಬೇರೆ ಇದ್ದರು, ಬರಿಗಾಲು ಮಾತ್ರ ಎಲ್ಲ ಕಡೆ ಒಂದೇ ಇತ್ತು ಎಂದು ಮಾಸ್ತರರು ನಗುತ್ತಾರೆ.

ಎಂಥ ಚಂದದ ನಿಯಮ ಎಂದು ನಾನು ಬರೆದುಕೊಳ್ಳುತ್ತಿರುವಾಗ ಮಾಸ್ತರರ ನಗು ನಿಲ್ಲುತ್ತದೆ. “ಬರೀಬ್ಯಾಡ್ರಿ ಅದನ್ನ. ಆ ನಿಯಮ ಒಬ್ಬನ್ನ ಕೊಲ್ಲಾಕ ಹತ್ತಿತ್ತು. ಅಂವ ಅಲ್ಲೇ ಅದಾನ, ಅವನ್ನs ಕೇಳ್ರಿ.”

ಅಲ್ಲಿ, ಗೋಡೆಗೆ ಬಿಗಿದ ಮಾದರಪಾಟು ಬಟ್ಟೆಯ ದೊಡ್ಡ ಪರದೆಯ ಮುಂದೆ, ಮೂವತ್ತರ ಆಸುಪಾಸಿನ ಒಬ್ಬ ತೆಳ್ಳನೆಯ ಮನುಷ್ಯ ಸಮುದ್ರಕ್ಕೆ ನೀಲಿ ಹಚ್ಚುತ್ತಿದ್ದಾರೆ. ಎಡಗೈ ಮೊಣಕೈಯಲ್ಲಿ ಸೊಟ್ಟಗೆ ಕೂಡಿದೆ. ಹೆಸರು ಹುಚ್ಚಪ್ಪ, ಹತ್ತಿ ಗಿರಣಿಯಲ್ಲಿ ಹಮಾಲಿ. ಐದಾರು ವರ್ಷದ ಹಿಂದೆ ಸೇರಿದರು. ಮೊದಲ ದಿನದಿಂದಲೂ ಚಪ್ಪಲಿ ಹಾಕಿಕೊಂಡು ಬಂದರು, ತಪ್ಪದೆ ಎಂಟಾಣೆ ಕೊಟ್ಟರು.

ಹೋದ ವರ್ಷದ ಬೇಸಿಗೆ. ಏಣಿಯ ಮೇಲೆ ನಿಂತು ಪರದೆಯ ಮುಗಿಲಿಗೆ ಬಣ್ಣ ಹಚ್ಚುತ್ತಿದ್ದ ಹುಚ್ಚಪ್ಪ ತಲೆಸುತ್ತು ಬಂದು ಕೆಳಗೆ ಬಿದ್ದರು. ಕೈಯ ಎಲುಬು ಮುರಿಯಿತು. ನೀರು ಹೊಡೆದರೂ ಎಚ್ಚರಾಗಲಿಲ್ಲ. ಉಡಚವ್ವ ಬೆಲ್ಲದ ನೀರು ಬಾಯಿಗೆ ಬಿಟ್ಟ ಮೇಲೆ ಕಣ್ಣು ತೆರೆದರು. ಏನು ಉಂಡಿದ್ದಿ ಎಂದರೆ ಮುಖ ಆಚೆ ತಿರುಗಿಸಿದರು. ಬಾಗಿಲ ಮುಂದಿನ ಅವರ ಚಪ್ಪಲಿ ತಂದು ಕಾಲಿಗೆ ಹಾಕಹೋದರೆ ಅದು ಎರಡು ಬೆರಳು ದೊಡ್ಡದು. ಆಗ ಮಾಸ್ತರರು ಮೊದಲ ಸಲ ಅವರ ಹಿಮ್ಮಡಿ ನೋಡಿದರು. ಕಪ್ಪು ಮಣ್ಣಿನ ಎರೆ ಹೊಲ ಚೈತ್ರದಲ್ಲಿ ಬಿಡುವಂಥ ಬಿರುಕು, ಒಂದೆರಡರಲ್ಲಿ ನೆತ್ತರು.

“ಚಪ್ಪಲಿ ಬಾಜೂ ಮನಿಯವರ್ದ್ರಿ,” ಎಂದು ಹುಚ್ಚಪ್ಪ ಕುಂಚ ನಿಲ್ಲಿಸದೆ ಹೇಳುತ್ತಾರೆ. “ಓಣಿ ತಿರುವಿನ ತನಕ ಕೈಯಾಗ ಹಿಡಕೊಂಡು ಬರ್ತಿದ್ನಿ. ಸವದ್ರ ಅವರಿಗಿ ಏನು ಹೇಳ್ಲಿ? ತಿರುವಿನ್ಯಾಗ ಕಾಲಿಗಿ ಹಾಕ್ಕೊಂಡು ನಾಕು ಹೆಜ್ಜಿ ಹಾಕಿ ಇಲ್ಲಿ ಬಿಡ್ತಿದ್ನಿ.”

“ಬರಿಗಾಲಲ್ಲಿ ಬಂದಿದ್ದರೆ ಮಾಫಿ ಇತ್ತಲ್ಲ?”

“ಇತ್ರಿ. ಅದಕ್ಕs.” ಈಗ ಕುಂಚ ನಿಲ್ಲುತ್ತದೆ. “ಗಿರಣ್ಯಾಗ ಎಲ್ಲಾರೂ ಲೇ ಅಂತಾರ್ರಿ. ಇಲ್ಲೆರ ನಾನೂ ಎಂಟಾಣೆ ಕೊಡಾಂವ ಆಗಬೇಕಿತ್ತು. ವಾರದಾಗ ಮೂರು ದಿನ ಮಧ್ಯಾಹ್ನದ ರೊಟ್ಟಿ ಬಿಟ್ರ ಎಂಟಾಣೆ ಹೊಂದತಿತ್ತು.”

ನಾಲ್ಕು ವರ್ಷದಲ್ಲಿ ಎಷ್ಟು ಮಧ್ಯಾಹ್ನಗಳಾದವು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ. ಬಡವರಿಗೆಂದು ಮಾಡಿದ ನಿಯಮ ಬಡವನ ರೊಟ್ಟಿಯನ್ನೇ ಕಸಿದಿತ್ತು. ತಪ್ಪು ಯಾರದು ಎಂದರೆ ಬೊಟ್ಟು ಮಾಡಲಿಕ್ಕೆ ಯಾರೂ ಸಿಗುವುದಿಲ್ಲ. ಮಾಸ್ತರರು ಮಾತ್ರ ತಪ್ಪು ತಮ್ಮದೆಂದು ಹಿಡಿದು ಕೂತರು. ಒಂದು ತಿಂಗಳು ಕುಂಚ ಮುಟ್ಟಲಿಲ್ಲ, ಹುಚ್ಚಪ್ಪನ ಮನೆಗೆ ದಿನಾ ಬುತ್ತಿ ಹೊತ್ತರು.

“ಬಾಗಲಾಗ ಎಲ್ಲಾರೂ ನೋಡೂವಂಗ ಬರಿಗಾಲು ನಿಂದ್ರಿಸಿ, ನಿನಗ ಮಾಫಿ ಅಂತ ಅಂದ್ರ ಯಾವ ಮನಶ್ಯಾ ಒಪ್ಪತಾನ್ರಿ? ನನಗ ತಿಳಿಲಿಲ್ಲ. ಕಾಲ್ಮರಿ, ಚಪ್ಪಲಿ ಎರವು ತರಬಹುದು. ಹಿಮ್ಮಡಿ ಎರವು ಸಿಗಂಗಿಲ್ಲ.”

ಹಾಗೆ ಹುಟ್ಟಿದ್ದು ಈಗಿನ ಪದ್ಧತಿ. ಬಂದವರಿಗೆಲ್ಲ ಬಾಗಿಲಲ್ಲಿ ಕಾಲಿಗೆ ನೀರು. ಗಂಡಸರ ಹಿಮ್ಮಡಿ ಮಾಸ್ತರರು ನೋಡುತ್ತಾರೆ, ಹೆಂಗಸರದು ಉಡಚವ್ವ. ನುಣ್ಣಗಿದ್ದರೆ ಬೆಣ್ಣೆ, ಎರಡು ರೂಪಾಯಿ. ಒರಟಾಗಿದ್ದರೆ ರೊಟ್ಟಿ, ಎಂಟಾಣೆ. ಬಿರುಕು ಬಿಟ್ಟಿದ್ದರೆ ಎರೆ. ಫೀ ಎಷ್ಟೆಂದು ಕಿವಿಯಲ್ಲಿ ಹೇಳುತ್ತಾರೆ, ಒಬ್ಬರದು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ. ಎರೆಯವರ ಕಿವಿಯಲ್ಲಿ ಮಾಫಿ ಎಂಬ ಮಾತೇ ಇಲ್ಲ. ಅವರಿಗೆ ಹೇಳುವುದು ಒಂದೇ ಮಾತು, “ನಿಂದು ಮುಟ್ಟೈತಿ.”

“ಏನು ಮುಟ್ಟೈತ್ರಿ, ನಾ ಕೊಟ್ಟೇ ಇಲ್ಲಲ್ಲ ಅಂದ್ನಿ,” ಎಂದು ಹುಚ್ಚಪ್ಪ ನೆನೆಯುತ್ತಾರೆ. “‘ಇಷ್ಟು ವರ್ಷ ಈ ನೆಲದ ಮ್ಯಾಲ ತಿರಗ್ಯಾಡಿ ನಿನ್ನ ಹಿಮ್ಮಡಿ ಕೊಟ್ಟೈತಿ, ಸುಮ್ನ ಕುಂಡ್ರಪಾ’ ಅಂದ್ರು. ಕುಂತ್ನಿ.”

ನೀರು ಯಾಕೆ ಹಾಕುತ್ತೀರಿ, ಸುಮ್ಮನೆ ನೋಡಿದರೆ ಸಾಲದೇ ಎಂದು ಕೇಳಿದ್ದಕ್ಕೆ ಉಡಚವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ. ದೊಡ್ಡ ದಲಾಲಿ ಅಂಗಡಿಯ ಯಜಮಾನರೊಬ್ಬರು ಫೀ ಎರಡು ರೂಪಾಯಿಯಿಂದ ಎಂಟಾಣೆಗೆ ಇಳಿಯಲೆಂದು ಹಿಮ್ಮಡಿಗೆ ಬೂದಿ, ಸುಣ್ಣ ಮೆತ್ತಿಕೊಂಡು ಬಂದಿದ್ದರಂತೆ! “ಒಂದು ತಂಬಿಗಿ ಹಾಕೂದ್ರಾಗ ಬೆಣ್ಣಿ ಹೊರಗ ಬಂತ್ರಿ. ಪಾಪ, ಆ ತಿಂಗಳ ಅವರs ನಾಚಿ ಮೂರು ರೂಪಾಯಿ ಕೊಟ್ರು.”

ಈಗ ಇಪ್ಪತ್ತಮೂರು ಜನ ಕಲಿಯುತ್ತಾರೆ. ಬೆಣ್ಣೆ ನಾಲ್ಕು, ರೊಟ್ಟಿ ಆರು, ಎರೆ ಹದಿಮೂರು. ತಿಂಗಳಿಗೆ ಹನ್ನೊಂದು ರೂಪಾಯಿ ಬರುತ್ತದೆ, ಅದರಲ್ಲಿ ಒಂಬತ್ತು ಬಣ್ಣಕ್ಕೆ, ಬಟ್ಟೆಗೆ ಹೋಗುತ್ತದೆ. ಮನೆ ನಡೆಯುವುದು ಪರದೆಯ ಕೂಲಿಯಿಂದ. ಪ್ರತಿ ಐತವಾರ ಹೊತ್ತು ಹುಟ್ಟುವ ಮುಂಚೆ ಶುರುವಾಗಿ ಮಧ್ಯಾಹ್ನದ ತನಕ ಪಾಠ. ಪರವೂರಿನವರು ಹಿಂದಿನ ಸಂಜೆಯೇ ಬಂದಿರುತ್ತಾರೆ. ಲಕ್ಷ್ಮೇಶ್ವರದಿಂದ ಬಳೆ ಮಾರುವ ಮೋತಿಬಿ ಬುಟ್ಟಿ ಹೊತ್ತೇ ಬರುತ್ತಾರೆ, ಪಾಠ ಮುಗಿಸಿ ಬೆಟಗೇರಿಯ ಓಣಿಗಳಲ್ಲಿ ಬಳೆ ತೊಡಿಸಿ ಬಸ್ಸು ಹತ್ತುತ್ತಾರೆ. ಅರಿವೆ ವ್ಯಾಪಾರಿಯ ಹೆಂಡತಿ ಸುಮಿತ್ರವ್ವ ಅವರ ಪಕ್ಕದಲ್ಲೇ ಕೂತು ಅದೇ ಬಟ್ಟಲಿಗೆ ಕುಂಚ ಅದ್ದುತ್ತಾರೆ. ಬೇರೆ ಎಲ್ಲಿ ಇದು ನಡೆದೀತು ಹೇಳಿ?

ಸದ್ಯ ಎಲ್ಲರೂ ಸೇರಿ ಬರೆಯುತ್ತಿರುವುದು ಕರ್ನಾಟಕದ ನಕಾಶೆ. ಬರುವ ಗುರುವಾರ, ನವೆಂಬರ ಒಂದಕ್ಕೆ, ಹರಿದು ಹಂಚಿಹೋದ ಕನ್ನಡ ಸೀಮೆಯೆಲ್ಲ ಸೇರಿ ಒಂದೇ ರಾಜ್ಯವಾಗುತ್ತದಲ್ಲ, ಆ ಸಭೆಯ ವೇದಿಕೆಗೆ ಈ ಪರದೆ. ಮಾಸ್ತರರು ಜಕಾತಿ ನಾಕೆಯ ಕಾರಕೂನನ ಹಾಗೆ ನನ್ನನ್ನು ತಡೆದು ಕೇಳುತ್ತಾರೆ: “ಮೈಸೂರಾಗ ಮಣ್ಣು ಕೆಂಪಿರತೈತೇನ್ರಿ? ನಾ ನೋಡಿಲ್ಲ. ಕೆಂಪಂದ್ರ ಎಷ್ಟು ಕೆಂಪು? ಈ ಕಾವಿ ನಡೀತೈತೇನು?” ನಡೆಯುತ್ತದೆ ಎನ್ನುತ್ತೇನೆ. ಅವರಿಗೆ ಸಮಾಧಾನವಿಲ್ಲ, ಮತ್ತೆ ಸ್ವಲ್ಪ ಪುಡಿ ಹಾಕುತ್ತಾರೆ.

ಆದರೆ ಗುರುವಾರ ಪರದೆ ಏರಿದ ಮೇಲೆ ಈ ವಖಾರಿಯಲ್ಲಿ ಪಾಠ ಇರುತ್ತದೆಯೋ ಇಲ್ಲವೋ ಎಂಬುದು ನಾನು ಹೋದ ದಿನ ಇನ್ನೂ ತೀರ್ಮಾನವಾಗಿರಲಿಲ್ಲ. ಹಳೆಯ ಮಾಲಕರು ತೀರಿಕೊಂಡಿದ್ದಾರೆ. ಮಕ್ಕಳು ದೀಪಾವಳಿಯಿಂದ ಹದಿನೈದು ರೂಪಾಯಿ ಬಾಡಿಗೆ ಕೊಡಿ, ಇಲ್ಲವೇ ಖಾಲಿ ಮಾಡಿ ಎಂದಿದ್ದಾರೆ. ಅದಕ್ಕೂ ದಾರಿ ಒಂದು ತಾನಾಗಿ ಬಂದಿತ್ತು. ಒಬ್ಬ ಅಧಿಕಾರಿ ಬಂದು, ಪಾಠ ನೋಡಿ, ತಲೆದೂಗಿ, ತಿಂಗಳಿಗೆ ನಲವತ್ತು ರೂಪಾಯಿ ಸಹಾಯಧನ ಕೊಡಿಸುತ್ತೇನೆ ಎಂದು ಕಾಗದ ಕೊಟ್ಟು ಹೋಗಿದ್ದರು. ಒಳ್ಳೆಯ ಮನುಷ್ಯ ಎಂದು ಮಾಸ್ತರರೇ ಹೇಳುತ್ತಾರೆ. ಕಾಗದದಲ್ಲಿ ಎರಡು ಶರತ್ತು. ಎಲ್ಲರಿಗೂ ಒಂದೇ ಫೀ, ಎಂಟಾಣೆ. ಕೊಡಲಾಗದವರು ಊರಿನ ಲೆಕ್ಕ ನೋಡುವ ತಲಾಟಿಯ ಹತ್ತಿರ ಹೋಗಿ ತಾವು ಬಡವರೆಂದು ಬರೆಸಿ, ಸರಕಾರಿ ಶಿಕ್ಕೆ ಹೊಡೆಸಿ ತರಬೇಕು. ಸಹಿ ಮಾಡಿ ಕಳಿಸಲು ಮರುದಿನವೇ ಕಡೆಯ ದಿನ.

ನಾನು ಕಾಗದ ಓದಿ ಸಿಟ್ಟಾದೆ. ಕಾಗದದ ಮೇಲಲ್ಲ, ಮಾಸ್ತರರ ಮೇಲೆ. “ನಲವತ್ತು ರೂಪಾಯಿ ಅಂದ್ರೆ ಏನು ತಿಳಿದಿದ್ದೀರಿ? ಬಾಡಿಗೆ ಹೋಗಿ ಇಪ್ಪತ್ತೈದು ಉಳಿಯುತ್ತದೆ. ಒಂದು ಸಹಿ ಮಾಡಲಿಕ್ಕೆ ಏನು ಧಾಡಿ? ಬಡತನದ ದಾಖಲೆ ಒಂದು ಚೂರು ಕಾಗದ, ಅಷ್ಟೇ ತಾನೆ?” ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಾಡಿದೆ. ನನ್ನ ಬಾಯಿಗೆ ಬೆಂಕಿ ಹಾಕ!

ಹುಚ್ಚಪ್ಪ ಕುಂಚವನ್ನು ನೀರಿನಲ್ಲಿಟ್ಟು, ಕೈ ಒರೆಸಿಕೊಂಡು ಎದ್ದು ಬಂದರು.

“ಸಹಿ ಮಾಡ್ರಿ ಮಾಸ್ತರ. ವಖಾರಿ ಉಳೀಲಿ. ನಾ ಬಡವ ಅಂತ ಮೊದಲನೇ ಕಾಗದ ನಾ ಬರಸ್ಕೊಂಡು ಬರ್ತೀನಿ. ಶಿಕ್ಕಾನೂ ಹೊಡಸ್ತೀನಿ.”

ನಾಲ್ಕು ವರ್ಷ ಹಸಿದು, ಎರವಿನ ಚಪ್ಪಲಿ ಹೊತ್ತು, ಕೈ ಮುರಿದುಕೊಂಡು ಯಾವ ಮಾತನ್ನು ಮುಚ್ಚಿಟ್ಟಿದ್ದರೋ ಅದನ್ನೇ ಈ ಮನುಷ್ಯ ಇಪ್ಪತ್ತೆರಡು ಜನರ ಮುಂದೆ ತಾವೇ ಆಡಿದ್ದರು. ಆಡಿಸಿದವನು ನಾನು. ಮೂಲೆಯಿಂದ ಮೋತಿಬಿ ಎದ್ದರು. ಕೈತುಂಬ ಬಳೆ, ನಗುಮುಖ. ಅವರದು ಎರೆ ಇದ್ದೀತೆಂದು ಪಕ್ಕದಲ್ಲಿ ಕೂತ ಸುಮಿತ್ರವ್ವನಿಗೂ ಗೊತ್ತಿರಲಿಲ್ಲ. “ಎರಡನೇದ್ದು ನಂದು ಬರಕೋರಿ,” ಎಂದರು. ಸುಮಿತ್ರವ್ವ ಅವರ ಕೈ ಹಿಡಿದು ಎಳೆದರು, “ಕುಂಡ್ರs ಮೋತಿಬಿ, ಕುಂಡ್ರವ್ವ,” ಎನ್ನುತ್ತ ಅಳತೊಡಗಿದರು. ಆಮೇಲೆ ಮುಂಡರಗಿಯವರೊಬ್ಬರು ಎದ್ದರು. ಅವರ ಹಿಂದೆ ಇನ್ನಿಬ್ಬರು.

“ಎಲ್ಲಾರೂ ಕುಂಡ್ರಿ!” ಮಾಸ್ತರರು ಅಷ್ಟು ಜೋರಾಗಿ ಕೂಗಬಲ್ಲರೆಂದು ನನಗೆ ಗೊತ್ತಿರಲಿಲ್ಲ. “ಹುಚ್ಚಪ್ಪಾ, ನೀ ಬರಸ್ಕೊಂಡು ಬಂದ ಕಾಗದಾ ನಾ ಎಲ್ಲಿ ಇಟ್ಕೊಳ್ಳಲೋ? ಒಮ್ಮೆ ನನ್ನ ನಿಯಮದಿಂದ ನೀ ಏಣಿ ಮ್ಯಾಲಿಂದ ಬಿದ್ದಿ. ಇನ್ನೊಮ್ಮೆ ಬೀಳಸ್ಲೇನು? ಈ ಸಲ ಬಿದ್ರ ಉಡಚವ್ವನ ಬೆಲ್ಲದ ನೀರಿಗೆ ನೀ ಏಳಂಗಿಲ್ಲ.”

ಆಮೇಲೆ ಅವರು ಆ ಕಾಗದ ನನ್ನ ಕೈಯಿಂದ ತೆಗೆದುಕೊಂಡರು. ಹರಿಯುತ್ತಾರೆ ಎಂದುಕೊಂಡೆ. ಹರಿಯಲಿಲ್ಲ. ತಿರುವಿ ನೋಡಿದರು. “ಹಿಂದಿನ ಮಗ್ಗಲಾ ಖಾಲಿ ಐತಿ. ಛಲೋ ಕಾಗದ. ಇದರ ಮ್ಯಾಲ ಕಾಗಿ ಬರೀ, ರೆಕ್ಕಿ ನಿನಗಿನ್ನೂ ಬರವಲ್ದು,” ಎಂದು ಹುಚ್ಚಪ್ಪನ ಕೈಗೆ ಕೊಟ್ಟರು. ಸರಕಾರಿ ಕಾಗದದ ಮೇಲೆ ಕಾಗೆ! ಶಿವಶಿವಾ ಎಂದು ನಾನು ಬಾಯಿಗೆ ಕೈ ಹಚ್ಚಿಕೊಂಡೆ. ಹುಚ್ಚಪ್ಪ ಕೂತು ಬರೆದರು. ಮೊದಲನೆಯ ರೆಕ್ಕೆ ಕೆಟ್ಟಿತು, ಎರಡನೆಯದು ನಿಜಕ್ಕೂ ಹಾರುವಂತಿತ್ತು.

ದೀಪಾವಳಿಯ ನಂತರ ಪಾಠ ಮಾಸ್ತರರ ಮನೆಯ ಪಡಸಾಲೆಯಲ್ಲಿ. ಹನ್ನೆರಡು ಜನ ಹಿಡಿಸುತ್ತಾರೆ, ಉಳಿದವರು ಅಂಗಳದ ಬೇವಿನ ಬುಡದಲ್ಲಿ. ದೊಡ್ಡ ಪರದೆ ಬಿಗಿಯುವ ಗೋಡೆ ಅಲ್ಲಿಲ್ಲ. ಹಾಗಾದರೆ ಪರದೆಯ ಕೂಲಿ ಹೇಗೆ ಎಂದು ಕೇಳಿದರೆ, “ಸಣ್ಣ ಪರದಿ ಬರದ್ರಾತು, ಸಣ್ಣ ನಾಟಕ ಆಡ್ತಾರ,” ಎನ್ನುತ್ತಾರೆ. ನಕ್ಕರೂ ಅದು ಸಣ್ಣ ಮಾತಲ್ಲ ಎಂದು ಉಡಚವ್ವನ ಮುಖ ಹೇಳುತ್ತದೆ. ನಾನು ಅವರ ಕ್ಷಮೆ ಕೇಳಿದೆ. “ನೀವು ಕೂಗದಿದ್ರ ಇವರು ನಾಳೀ ತನಕ ಆ ಕಾಗದಾ ಹಿಡಕೊಂಡು ಕುಂಡ್ರತಿದ್ರು ಬಿಡ್ರಿ,” ಎಂದು ಆ ತಾಯಿ ನನ್ನನ್ನೇ ಸಮಾಧಾನಪಡಿಸಿದರು.

ಏನಾದರೂ ಬೇಕೇ, ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದೆ. ಗಂಡಹೆಂಡತಿ ಮುಖ ಮುಖ ನೋಡಿಕೊಂಡರು.

“ಒಂದು ದೊಡ್ಡ ಹಂಡೆ ಸಿಕ್ರ ನೋಡ್ರಿ,” ಎಂದರು ಮಾಸ್ತರರು. “ಇಲ್ಲಿ ಬಾವಿ ಇತ್ತು. ಮನೀ ಕಡೆ ನೀರು ದೂರ. ಇಪ್ಪತ್ತಮೂರು ಮಂದಿ ಕಾಲಿಗಿ ನೀರು ಸಾಲಬೇಕಲ್ಲ.”

ಹೊರಡುವಾಗ ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ನಾನೇ ಎತ್ತಿಕೊಂಡೆ. ಬ್ಯಾಡ್ರಿ, ಬ್ಯಾಡ್ರಿ ಎಂದು ಅವರು ಹಿಂದೆ ಸರಿಯುವಷ್ಟರಲ್ಲಿ ಮಾಸ್ತರರ ಕಾಲಿಗೆ ಸುರಿದೆ. ಕಾವಿ ತೊಳೆದುಹೋಯಿತು, ಸುಣ್ಣ ತೊಳೆದುಹೋಯಿತು. ಹಿಮ್ಮಡಿ ಕಂಡಿತು. ಬಿರುಕಿನಲ್ಲಿ ನಾಲ್ಕಾಣೆಯ ಪಾವಲಿ ನಿಲ್ಲಿಸಬಹುದಿತ್ತು. ಬಿರುಕಿನ ಒಳಗೆ ಮೂವತ್ತು ವರ್ಷದ ನೀಲಿ ಕೂತಿತ್ತು, ಅದು ಯಾವ ನೀರಿಗೂ ಹೋಗುವಂಥದಲ್ಲ.

“ಮಾಸ್ತರ, ನಿಮ್ಮ ಫೀ ಎಷ್ಟು?” ಎಂದೆ.

ಅವರು ತಮ್ಮ ಕಾಲನ್ನು ಬಗ್ಗಿ ನೋಡಿದರು, ಬೇರೆ ಯಾರದೋ ಕಾಲು ನೋಡುವ ಹಾಗೆ, ಅಷ್ಟೇ ಲಕ್ಷ್ಯಕೊಟ್ಟು. ಆಮೇಲೆ ನನ್ನ ಕಿವಿಗೆ ಬಾಯಿ ಹಚ್ಚಿ, ಯಾರಿಗೂ ಕೇಳಿಸದಂತೆ ಹೇಳಿದರು:

“ನಂದು ಮುಟ್ಟೈತ್ರಿ.”